ಅಪ್ಪನ ಪ್ರಮಾಣವಚನ ಮೊದಲೋ, ಮಗಳ ಮುಹೂರ್ತ ಮೊದಲೋ?

ಪ್ರಶ್ನೆ: ನನ್ನ ತಮ್ಮ ಹಾಕಿದ್ದ ಅರ್ಜಿಯ ಮೇಲೆ 2018ರಲ್ಲಿ ನನಗೂ ನನ್ನ ಹೆಂಡತಿಗೂ ಅಮೆರಿಕದ ಗ್ರೀನ್ ಕಾರ್ಡ್ ಸಿಕ್ಕಿತು. ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ ಆಗಲೇ 21 ದಾಟಿದ್ದರಿಂದ ಜೊತೆಗೆ ಬರಲಾಗಲಿಲ್ಲ. 2019ರಲ್ಲಿ ಅವಳನ್ನು ಕರೆಸಿಕೊಳ್ಳುವ ಐ-130 ಅರ್ಜಿ ಹಾಕಿದೆ, ಮಂಜೂರೂ ಆಗಿದೆ. ಈಗ ಅವಳಿಗೆ 28, ಮೈಸೂರಿನಲ್ಲಿ ಕೆಲಸ. ಒಳ್ಳೆಯ ಸಂಬಂಧ ಬಂದಿದೆ. ಗಂಡಿನ ಕಡೆಯವರು ಆಷಾಢಕ್ಕೆ ಮೊದಲೇ ಮುಗಿಸೋಣ ಎನ್ನುತ್ತಿದ್ದಾರೆ. ಮದುವೆಯಾದರೆ ಅರ್ಜಿಯ ಗತಿ ಏನು? ತೀರ್ಥಹಳ್ಳಿ ಕಡೆ ಅಡಿಕೆ ತೋಟ ನನ್ನ ಹೆಸರಿನಲ್ಲಿದೆ ಎಂಬ ಅಳುಕಿನಿಂದ ನಾನಿನ್ನೂ ಸಿಟಿಜನ್‌ಶಿಪ್‌ಗೆ ಹಾಕಿಲ್ಲ.

ಉತ್ತರ: ನೀವು ಗ್ರೀನ್ ಕಾರ್ಡಿನಲ್ಲಿರುವಾಗ ಮಗಳ ಮದುವೆ ನಡೆದರೆ 2019ರ ಅರ್ಜಿ ಅಂದಿಗೇ ಸತ್ತಂತೆ. ಮಂಜೂರಾಗಿದ್ದರೂ ಅಷ್ಟೇ, ತಾನಾಗಿಯೇ ರದ್ದಾಗುತ್ತದೆ. ರದ್ದಾಗಲು ನಿಮಗೆ ಕಾಗದ ಬರಬೇಕೆಂದೇನಿಲ್ಲ. ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ಕಾದು, ಕೊನೆಗೆ ಇಂಟರ್‌ವ್ಯೂ ಹೊತ್ತಿಗೆ ಮದುವೆ ಸರ್ಟಿಫಿಕೇಟ್ ಕೊಟ್ಟಾಗಲೇ ವಿಷಯ ತಿಳಿಯುವುದು.

ಕಾರಣ ಇದು. ಗ್ರೀನ್ ಕಾರ್ಡ್ ಇರುವವರು ತಮ್ಮ ಗಂಡ ಅಥವಾ ಹೆಂಡತಿಯನ್ನು, ಮದುವೆಯಾಗದ ಮಕ್ಕಳನ್ನು ಮಾತ್ರ ಕರೆಸಿಕೊಳ್ಳಬಹುದು. ಮದುವೆಯಾದ ಮಕ್ಕಳಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಸಿಟಿಜನ್ ಆದವರಿಗೆ ಹಾಗಲ್ಲ, ಮದುವೆಯಾದ ಮಗ-ಮಗಳಿಗಾಗಿ ಎಫ್‌3 ಎಂಬ ಪ್ರತ್ಯೇಕ ವರ್ಗವಿದೆ. ನಿಮ್ಮ ಮಗಳು ಈಗಿರುವುದು ಗ್ರೀನ್ ಕಾರ್ಡಿನವರ 21 ದಾಟಿದ, ಮದುವೆಯಾಗದ ಮಕ್ಕಳ ವರ್ಗವಾದ ಎಫ್‌2ಬಿಯಲ್ಲಿ. ನೀವು ಸಿಟಿಜನ್ ಆದ ದಿನ ಅದೇ ಅರ್ಜಿ ಸಿಟಿಜನ್ ಆದವರ ಮದುವೆಯಾಗದ ಮಕ್ಕಳ ವರ್ಗವಾದ ಎಫ್‌1ಕ್ಕೆ ಬದಲಾಗುತ್ತದೆ. ಆಮೇಲೆ ಅವಳು ಮದುವೆಯಾದರೆ ಎಫ್‌3ಕ್ಕೆ. ಎರಡು ಸಲ ವರ್ಗ ಬದಲಾದರೂ 2019ರ ಪ್ರಯಾರಿಟಿ ಡೇಟ್, ಅಂದರೆ ಸರದಿಯ ತಾರೀಖು, ಹಾಗೇ ಉಳಿಯುತ್ತದೆ.

ಅಂದರೆ ಮೊದಲು ಸಿಟಿಜನ್ ಆಗುವ ನಿಮ್ಮ ಪ್ರಮಾಣವಚನ, ಆಮೇಲೆ ಅವಳ ತಾಳಿ. ಒಂದೇ ಒಂದು ವಾರ ಹಿಂದುಮುಂದಾದರೂ ಆರು ವರ್ಷ ಕಾದದ್ದು ಹೋಯಿತು. ಆಮೇಲೆ ನೀವು ಸಿಟಿಜನ್ ಆದರೂ ಆ ಅರ್ಜಿಗೆ ಜೀವ ಬರುವುದಿಲ್ಲ, ಮಗಳು ವಿಚ್ಛೇದನ ಪಡೆದರೂ ಬರುವುದಿಲ್ಲ. ಹೊಸದಾಗಿ ಹಾಕಬೇಕು, ಹೊಸ ತಾರೀಖಿನೊಂದಿಗೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಸಿಟಿಜನ್‌ಶಿಪ್ ಇಂಟರ್‌ವ್ಯೂ ಪಾಸಾದ ದಿನ ಲೆಕ್ಕಕ್ಕಿಲ್ಲ, ಪ್ರಮಾಣವಚನದ ದಿನವೇ ಲೆಕ್ಕ. ಇನ್ನೊಂದು ವಿಷಯವನ್ನು ತುಂಬ ಜನ ಗಮನಿಸುವುದಿಲ್ಲ. ಐ-130 ಹಾಕಿದವರು ನೀವು, ಆದ್ದರಿಂದ ಸಿಟಿಜನ್ ಆಗಬೇಕಾದವರೂ ನೀವೇ. ನಿಮ್ಮ ಹೆಂಡತಿ ಮೊದಲು ಪ್ರಮಾಣವಚನ ಮಾಡಿದರೆ ನಿಮ್ಮ ಅರ್ಜಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಕಳೆದಿರುವುದರಿಂದ ನೀವು ಸಿಟಿಜನ್ ಆಗುವ ಅರ್ಜಿಯಾದ ಎನ್-400 ಹಾಕಬಹುದು. ಆದರೆ ಹಾಕುವ ಮೊದಲು ಪಾಸ್‌ಪೋರ್ಟಿನ ಸೀಲುಗಳನ್ನು ಎಣಿಸಿ. ಕಳೆದ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅಮೆರಿಕದಲ್ಲಿನ ಸತತ ವಾಸ ಮುರಿಯಿತೇ ಎಂಬ ಪ್ರಶ್ನೆ ಏಳುತ್ತದೆ, ಒಂದು ವರ್ಷ ದಾಟಿದ್ದರೆ ಮುರಿದಂತೆಯೇ. ಚಳಿ ಶುರುವಾಗುತ್ತಲೇ ಊರಿಗೆ ಬಂದು ಅಡಿಕೆ ಕೊಯ್ಲು ಮುಗಿಸಿಕೊಂಡು, ನೆಂಟರ ಮದುವೆಗಳನ್ನೂ ಮುಗಿಸಿ ಹೋಗುವ ನಮ್ಮ ಹಿರಿಯರು ಸಿಕ್ಕಿಬೀಳುವುದು ಇಲ್ಲೇ.

ತೋಟದ ಅಳುಕು ಬಿಡಿ. ಅಮೆರಿಕದ ಪ್ರಜೆಯಾದರೆ ಭಾರತದ ಪೌರತ್ವ ಹೋಗುತ್ತದೆ, ನಿಜ. ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ, ಅಂದರೆ ವಿದೇಶಿ ಪ್ರಜೆಗಳಾದ ಭಾರತೀಯ ಮೂಲದವರ ಕಾರ್ಡ್, ಮಾಡಿಸಿಕೊಳ್ಳಬೇಕು. ಓಸಿಐ ಇರುವವರು ಹೊಸದಾಗಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಭಾರತದಲ್ಲಿ ವಾಸವಾಗಿದ್ದಾಗ ಕೊಂಡ ಅಥವಾ ಪಿತ್ರಾರ್ಜಿತವಾಗಿ ಬಂದ ತೋಟವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು, ಅಷ್ಟೆ. ಪಹಣಿಯಲ್ಲಿ ಹೆಸರು ಹೋದೀತೆಂದು ಮಗಳ ಸರದಿ ಕಳೆದುಕೊಳ್ಳಬೇಡಿ.

ಸರಿ, ನೀವು ಸಿಟಿಜನ್ ಆದಿರಿ ಎಂದುಕೊಳ್ಳೋಣ. ಆಗ ಅವಳು ತಕ್ಷಣ ಮದುವೆಯಾಗಬೇಕೇ, ಕಾಯಬೇಕೇ? ಯಾವ ತಾರೀಖಿನವರೆಗಿನ ಅರ್ಜಿಗಳಿಗೆ ಸರದಿ ಬಂದಿದೆ ಎಂದು ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ತಿಳಿಸುವುದು ವೀಸಾ ಬುಲೆಟಿನ್. 2025ರ ಅಕ್ಟೋಬರಿನ ಬುಲೆಟಿನ್ನಿನಲ್ಲಿ ಭಾರತೀಯರ ಎಫ್‌1 ಸಾಲು 2016ರಲ್ಲಿತ್ತು, ಎಫ್‌3 ಸಾಲು 2011ರಲ್ಲಿ. ಮದುವೆಯಾಗದೆ ಉಳಿದರೆ 2019ರ ತಾರೀಖಿಗೆ ಬೇಗ ಕರೆ ಬರುತ್ತದೆ, ಮದುವೆಯಾದರೆ ಇನ್ನೂ ಬಹಳ ವರ್ಷ ಹಿಡಿಯುತ್ತದೆ. ಬುಲೆಟಿನ್ ದಿನಕ್ಕೊಂದು ದಿನದಂತೆ ಮುಂದೆ ಸರಿಯುವುದಿಲ್ಲ, ಒಮ್ಮೊಮ್ಮೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ಇಂತಿಷ್ಟೇ ವರ್ಷ ಎಂದು ಹೇಳುವವರನ್ನು ನಂಬಬೇಡಿ. ಎಫ್‌3ರಲ್ಲಿ ಒಂದು ಅನುಕೂಲವಿದೆ. ಅಳಿಯನಿಗೆ ಬೇರೆ ಅರ್ಜಿ ಬೇಡ, ಅವಳ ಜೊತೆಯಲ್ಲೇ ವೀಸಾ ಸಿಗುತ್ತದೆ. 21ರೊಳಗಿನ, ಮದುವೆಯಾಗದ ಮಕ್ಕಳಿಗೂ ಸಿಗುತ್ತದೆ. ಎಫ್‌1ರಲ್ಲಿ ಅವಳು ಒಬ್ಬಳೇ ಬಂದು, ಆಮೇಲೆ ಊರಿಗೆ ಹೋಗಿ ಮದುವೆಯಾಗಿ, ಗಂಡನಿಗೆ ಗ್ರೀನ್ ಕಾರ್ಡಿನವರ ಗಂಡ-ಹೆಂಡಿರ ವರ್ಗವಾದ ಎಫ್‌2ಎ ಅರ್ಜಿ ಹಾಕಬೇಕು.

ನನ್ನ ಅಭಿಪ್ರಾಯ ಕೇಳಿದರೆ, 28ರ ಹುಡುಗಿಯ ಮದುವೆಯನ್ನು ಸರ್ಕಾರದ ಸಾಲಿಗೆ ಕಟ್ಟಿಹಾಕಬಾರದು. ಈಗಲೇ ಎನ್-400 ಹಾಕಿ. ಹುಡುಗನ ಮನೆಯವರಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ನಿಶ್ಚಿತಾರ್ಥ ಮಾಡಿಕೊಳ್ಳಿ. ನಿಶ್ಚಿತಾರ್ಥ ಮದುವೆಯಲ್ಲ, ಅದರಿಂದ ಅರ್ಜಿಗೆ ತೊಂದರೆಯಿಲ್ಲ. ಮುಹೂರ್ತವನ್ನು ಮಾತ್ರ ನಿಮ್ಮ ಪ್ರಮಾಣವಚನದ ನಂತರಕ್ಕೆ ಇಡಿಸಿ, ಅದು ಈ ಆಷಾಢ ದಾಟಿದರೂ ದಾಟಲಿ. ಸಿಟಿಜನ್ ಆದದ್ದಕ್ಕೆ ಕೊಡುವ ನ್ಯಾಚುರಲೈಸೇಶನ್ ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಅದರ ಪ್ರತಿಯನ್ನು ನ್ಯಾಷನಲ್ ವೀಸಾ ಸೆಂಟರ್‌ಗೆ ಕಳಿಸಿ.

ಪ್ರಶ್ನೆ: ಅಮ್ಮ ಅಮೆರಿಕದ ಸಿಟಿಜನ್. ಅವರ ಅರ್ಜಿಯ ಮೇಲೆ ನನಗೆ ಎಫ್‌1 ವೀಸಾ ಬಂದಿದೆ, ಎರಡು ತಿಂಗಳಲ್ಲಿ ಹೊರಡಬೇಕು. ನಿಶ್ಚಿತಾರ್ಥ ಆಗಿದೆ. ಹೋಗುವ ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಮಾತ್ರ ಮಾಡಿಸಿಕೊಂಡರೆ ಹುಡುಗನ ಕಾಗದ ಬೇಗ ಶುರುವಾಗುತ್ತದಲ್ಲವೇ?

ಉತ್ತರ: ದಯವಿಟ್ಟು ಬೇಡ. ಆ ವೀಸಾ ಕೊಟ್ಟಿರುವುದು ಮದುವೆಯಾಗದ ಮಗಳಿಗೆ. ಅಮೆರಿಕದಲ್ಲಿ ಇಳಿದು ಒಳಗೆ ಬರುವ ಗಳಿಗೆಯಲ್ಲೂ ನೀವು ಮದುವೆಯಾಗದವರೇ ಆಗಿರಬೇಕು. ವಿಮಾನ ಹತ್ತುವ ಹಿಂದಿನ ದಿನ ಮದುವೆಯಾದರೂ ವೀಸಾ ನಿಮ್ಮದಲ್ಲ. ಮುಚ್ಚಿಟ್ಟು ಒಳಗೆ ಹೋದಿರೆಂದರೆ ಅಂದೇ ಸಿಕ್ಕಿಬೀಳದಿರಬಹುದು. ಆದರೆ ಮುಂದೆ ಗಂಡನಿಗೆ ಅರ್ಜಿ ಹಾಕುವಾಗ ಮದುವೆ ಸರ್ಟಿಫಿಕೇಟನ್ನು ನೀವೇ ಲಗತ್ತಿಸುತ್ತೀರಿ, ಅದರಲ್ಲಿ ತಾರೀಖು ಇರುತ್ತದೆ. ನಿಮ್ಮ ಗ್ರೀನ್ ಕಾರ್ಡೇ ಹೋಗಬಹುದು. ಸುಳ್ಳು ಹೇಳಿ ವೀಸಾ ಪಡೆದರೆಂಬ ಆರೋಪ ಅಂಟಿದರೆ ಮುಂದೆ ಆ ದೇಶದ ಬಾಗಿಲೇ ಮುಚ್ಚಬಹುದು.

ಇದರ ಉಲ್ಟಾ ಉಪಾಯವನ್ನೂ ಜನ ಕೇಳುತ್ತಾರೆ: ಶಾಸ್ತ್ರ ಮಾಡಿಕೊಂಡು ರಿಜಿಸ್ಟರ್ ಬಿಟ್ಟರೆ? ಅದೂ ಆಗದು. ಮದುವೆ ನಡೆದ ಜಾಗದ ಕಾನೂನನ್ನೇ ಅಮೆರಿಕ ಒಪ್ಪುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವುದು ಶಾಸ್ತ್ರದಿಂದ, ನೋಂದಣಿ ಅದಕ್ಕೆ ಸಾಕ್ಷಿ ಮಾತ್ರ. ಶಾಸ್ತ್ರವಿಲ್ಲದ ಬರೀ ಸರ್ಟಿಫಿಕೇಟ್ ಆ ಕಾಯ್ದೆಯಡಿ ಮದುವೆಯಲ್ಲ ಎಂದು 2024ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಹಿಡಿದು ವಾದ ಮಾಡುವ ಜಾಣರೂ ಇದ್ದಾರೆ. ಆ ವಾದ ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ನಡೆಯುತ್ತದೆಂದು ನಂಬಿ ಹೊರಡಬೇಡಿ. ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಆದರಂತೂ ಅದೇ ಮದುವೆ, ಚರ್ಚೆಯೇ ಇಲ್ಲ.

ನೀವು ಒಬ್ಬರೇ ಹೋಗಿ ಇಳಿಯಿರಿ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ರಜೆ ಹಾಕಿ ಬಂದು ಛತ್ರದಲ್ಲಿ ಧಾಂಧೂಂ ಎಂದು ಮದುವೆಯಾಗಿ, ಐ-130 ಹಾಕಿ. ಅದೇ ಅಕ್ಟೋಬರ್ ಬುಲೆಟಿನ್ನಿನಲ್ಲಿ ಎಫ್‌2ಎ ಸಾಲು 2024ರ ಆರಂಭದಲ್ಲಿತ್ತು. ಉಳಿದ ವರ್ಗಗಳ ಮುಂದೆ ಈ ಕಾಯುವಿಕೆ ಕಡಿಮೆಯೇ.

ಪ್ರಶ್ನೆ: ಟೆಕ್ಸಾಸಿನಲ್ಲಿರುವ ಅಕ್ಕ 2009ರಲ್ಲಿ ನನಗೆ ಅರ್ಜಿ ಹಾಕಿದಾಗ ನಾನು ಬ್ರಹ್ಮಚಾರಿ. ಈಗ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ. ಅರ್ಜಿ ಬಿದ್ದುಹೋಯಿತೇ?

ಉತ್ತರ: ಇಲ್ಲ. ಸಿಟಿಜನ್ ಆದವರು ಒಡಹುಟ್ಟಿದವರಿಗೆ ಹಾಕುವ ಎಫ್‌4ಕ್ಕೆ ಮದುವೆಯ ಲೆಕ್ಕವಿಲ್ಲ. ಹೆಂಡತಿ, ಮಕ್ಕಳು ನಿಮ್ಮ ಜೊತೆಗೇ ಬರುತ್ತಾರೆ, ವೀಸಾ ಫಾರ್ಮ್ ತುಂಬುವಾಗ ಎಲ್ಲರ ಹೆಸರೂ ಬರೆಯಿರಿ. ಭಾರತದ ಎಫ್‌4 ಸಾಲು 2025ರ ಕೊನೆಯಲ್ಲಿ ಇನ್ನೂ 2006ರಲ್ಲಿತ್ತು, ಹಾಗಾಗಿ ಮಕ್ಕಳ ವಯಸ್ಸಿನ ಮೇಲೆ ಕಣ್ಣಿಡಿ. ಯಾರಿಗಾದರೂ 20 ಹತ್ತಿರವಾಗುತ್ತಿದ್ದಂತೆ ವಕೀಲರನ್ನು ಕಂಡು, 21 ದಾಟಿದರೂ ಮಕ್ಕಳ ಸರದಿ ಉಳಿಸಬಲ್ಲ ಕಾನೂನಾದ ಸಿಎಸ್‌ಪಿಎ ಲೆಕ್ಕ ಹಾಕಿಸಿ. ಅರ್ಜಿ ಮಂಜೂರಾಗಲು ಎಷ್ಟು ದಿನ ಹಿಡಿಯಿತೋ ಅಷ್ಟನ್ನು ಮಗುವಿನ ವಯಸ್ಸಿನಿಂದ ಕಳೆಯಲು ಆ ಕಾನೂನಿನಲ್ಲಿ ಅವಕಾಶವಿದೆ.