ಪ್ರೊಮಿಥಿಯಸ್‌ಗೆ ಎಕ್ಸ್‌ಟೆಂಡೆಡ್ ಕಟ್ ಇದೆಯಾ?

'ಪ್ರೊಮಿಥಿಯಸ್' ಸಿನಿಮಾದ ಕತೆ 'ಏಲಿಯನ್'ಗೆ ತಾಳೆಯಾಗುತ್ತಿಲ್ಲ, ದೃಶ್ಯಗಳನ್ನು ಸೇರಿಸಿದ ಉದ್ದದ ಆವೃತ್ತಿ (ಎಕ್ಸ್‌ಟೆಂಡೆಡ್ ಕಟ್) ಇದೆಯಾ ಅಂತ ಕೇಳಿದ್ದೀರಿ. ತಾಳೆಯಾಗದಿರುವುದಕ್ಕೆ ಕಾರಣ ಕತ್ತರಿಸಿದ ದೃಶ್ಯಗಳಲ್ಲ, ಜಾಗದ ಗೊಂದಲ ಇರಬೇಕು. 'ಪ್ರೊಮಿಥಿಯಸ್' (2012) ನಡೆಯುವುದು ಎಲ್‌ವಿ-223 ಎಂಬ ಉಪಗ್ರಹದಲ್ಲಿ. 1979ರ 'ಏಲಿಯನ್'ನಲ್ಲಿ ಸಿಬ್ಬಂದಿ ಇಳಿಯುವುದು ಎಲ್‌ವಿ-426 ಎಂಬ ಬೇರೆ ಉಪಗ್ರಹದಲ್ಲಿ. ಎರಡರಲ್ಲೂ ಲಾಳದ ಆಕಾರದ ಹಡಗು ಇರುವುದರಿಂದ ಅದೇ ಇದು ಅಂದುಕೊಳ್ಳುತ್ತೇವೆ. ಹಾಗಾಗಿ "ಆ ಪೈಲಟ್ ಕುರ್ಚಿಯಲ್ಲೇ ಯಾಕೆ ಸಾಯಲಿಲ್ಲ" ಎಂಬ ನಿಮ್ಮ ಪ್ರಶ್ನೆಗೆ ಎಷ್ಟು ಉದ್ದದ ಕಟ್ ನೋಡಿದರೂ ಉತ್ತರ ಸಿಗುವುದಿಲ್ಲ. 'ಏಲಿಯನ್'ನಲ್ಲಿ ಕುರ್ಚಿಯಲ್ಲೇ ಸತ್ತಿರುವ ಪೈಲಟ್ ಬೇರೆ, 'ಪ್ರೊಮಿಥಿಯಸ್'ನ ಪೈಲಟ್ ಬೇರೆ.

ನಿರ್ದೇಶಕ ರಿಡ್ಲಿ ಸ್ಕಾಟ್ 'ಪ್ರೊಮಿಥಿಯಸ್'ಗೆ ಎಕ್ಸ್‌ಟೆಂಡೆಡ್ ಕಟ್ ಬಿಡುಗಡೆ ಮಾಡಿಲ್ಲ. ಥಿಯೇಟರ್‌ಗೆ ಬಂದದ್ದು 124 ನಿಮಿಷ. ಅದಕ್ಕಿಂತ ಜಾಸ್ತಿ ಉದ್ದದ ಫೈಲ್ ಕಂಡರೆ ಅಭಿಮಾನಿಗಳು ಜೋಡಿಸಿದ್ದು ಅಂತ ತಿಳಿಯಿರಿ. 'ಏಲಿಯನ್'ನ ಮುಂದಿನ ಭಾಗವಾದ 'ಏಲಿಯನ್ಸ್' (1986) ಸ್ಪೆಷಲ್ ಎಡಿಷನ್‌ನಲ್ಲಿ ಸುಮಾರು 17 ನಿಮಿಷ ಸೇರಿಸಿದ್ದು ನಿಜಕ್ಕೂ ಕೆಲಸಕ್ಕೆ ಬಂತು. ನಮ್ಮ ಆಸೆ ಶುರುವಾದದ್ದು ಬಹುಶಃ ಅಲ್ಲಿಂದಲೇ.

ಈಗ ಹೀಗೆ ಮಾಡಿ. ಮೊದಲು ಬ್ಲೂ-ರೇಯಲ್ಲಿರುವ ಡಿಲೀಟೆಡ್ ಸೀನ್‌ಗಳಿಗೆ ಹೋಗಿ, ಎಂಜಿನಿಯರ್ (ಸಿನಿಮಾದಲ್ಲಿ ಮನುಷ್ಯರನ್ನು ಸೃಷ್ಟಿಸಿದ ಅನ್ಯಗ್ರಹ ಜೀವಿ, ಆ ಪೈಲಟ್ ಇವನೇ) ಎದ್ದು ಮಾತಾಡುವುದನ್ನು ನೋಡಿ. ಥಿಯೇಟರ್ ಕಟ್‌ನಲ್ಲಿ ಅವನು ಸುಮ್ನೆ ಹೊಡೆಯಲು ಶುರು ಮಾಡಿದ ಹಾಗೆ ಕಾಣುತ್ತದೆ. ಇಲ್ಲಿ ಯಾನಕ್ಕೆ ಹಣ ಹಾಕಿದ ಮುದುಕ ವೇಲ್ಯಾಂಡ್ ತನ್ನನ್ನೂ ದೇವರ ಸಾಲಿಗೆ ಸೇರಿಸಿಕೊಳ್ಳುತ್ತಾನೆ. ಎಂಜಿನಿಯರ್ ಸಿಟ್ಟಿಗೆ ಇದೇ ಕಾರಣ ಅಂತ ನನ್ನ ಊಹೆ, ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ. ಆಮೇಲೆ ಹಲವು ಎಂಜಿನಿಯರ್‌ಗಳಿರುವ ಇನ್ನೊಂದು ಆರಂಭ ನೋಡಿ. ಉಳಿದವನ್ನು ಬಿಟ್ಟರೂ ನಷ್ಟವಿಲ್ಲ.

ಕೊನೆಗೆ 'ಏಲಿಯನ್: ಕವನೆಂಟ್' (2017). 'ಪ್ರೊಮಿಥಿಯಸ್'ನ ರೋಬೋಟ್ ಡೇವಿಡ್‌ನ ಕತೆ ಅಲ್ಲಿ ಮುಂದುವರಿಯುತ್ತದೆ. ಆದರೆ ಅದೂ ಎಲ್‌ವಿ-426ರವರೆಗೆ ಹೋಗುವುದಿಲ್ಲ, ಆ ಕೊಂಡಿಗಾಗಿ ಕಾಯಬೇಡಿ.