ಇಂಟರ್ವ್ಯೂನಲ್ಲಿ ‘ಡೇಟಾಬೇಸ್ ಸ್ಲೋ ಆಗಿದೆ, ಏನು ಮಾಡ್ತೀರ?’ ಅಂತ ಕೇಳಿದರೆ ಹೇಗೆ ಉತ್ತರಿಸಬೇಕು?

ನಿಮ್ಮ ಪ್ರಶ್ನೆ ಓದಿದೆ. ಊರು ಮಂಡ್ಯ, ಮೂರು ವರ್ಷ ಸಪೋರ್ಟ್ ಕೆಲಸ ಮಾಡಿದ್ದೀರಿ, ಮುಂದಿನ ವಾರ ಮೈಸೂರಿನ ಹೆಬ್ಬಾಳದಲ್ಲಿ ಇಂಟರ್ವ್ಯೂ. ನೆಟ್‌ನಲ್ಲಿ ಸಿಕ್ಕ ಐವತ್ತು ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿದ್ದೀರಿ, ಇಷ್ಟು ಸಾಕಾ ಅಂತ ಕೇಳಿದ್ದೀರಿ.

ಸಾಕಾಗಲ್ಲ. ನಾನೂ ಹಾಗೇ ಹೋಗಿ ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದವನು. ಈಗ ಮೈಸೂರಲ್ಲೇ ಕೆಲಸ. ವರ್ಷಕ್ಕೆ ನಾಲ್ಕಾರು ಸಲ ಪ್ರಶ್ನೆ ಕೇಳುವ ಸರದಿ ನನಗೂ ಬರುತ್ತದೆ.

ಮೊದಲ ಸಲ ನನಗೆ ಕೇಳಿದ್ದೂ ಇದೇ ಪ್ರಶ್ನೆ. ‘ಇಂಡೆಕ್ಸ್ ಹಾಕ್ತೀನಿ ಸಾರ್’ ಅಂದೆ. ಇಂಡೆಕ್ಸ್ ಅಂದರೆ ಬೇಕಾದ ಸಾಲನ್ನು ಬೇಗ ಹುಡುಕಲು ಟೇಬಲ್‌ಗೆ ಮಾಡಿಡುವ ಸೂಚಿ. ‘ಯಾವ ಟೇಬಲ್‌ಗೆ?’ ಅಂದರು. ಏನಂತ ಹೇಳಲಿ? ಅವರು ಟೇಬಲ್ ಹೆಸರು ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನೀರು ಕುಡಿದು ಎದ್ದು ಬಂದೆ.

ನೀವು ಮಂಡ್ಯದವರಾದ್ದರಿಂದ ಹೀಗೆ ಹೇಳುತ್ತೇನೆ. ಕೆಆರ್‌ಎಸ್‌ನಲ್ಲಿ ನೀರು ಪೂರ್ತಿ ಮಟ್ಟವಾದ 124.80 ಅಡಿ ಮುಟ್ಟಿದ್ದರೂ ವಿ.ಸಿ. ನಾಲೆಯ ಕೊನೇ ಭಾಗದ ಗದ್ದೆಗೆ ಬಾರದೇ ಇರಬಹುದು. ಆಗ ನೀರುಗಂಟಿ ಕಟ್ಟೆ ಎತ್ತರಿಸಿ ಅನ್ನುತ್ತಾನಾ? ಏರಿ ಮೇಲೆ ಹಿಂದಕ್ಕೆ ನಡೆದುಕೊಂಡು ಹೋಗುತ್ತಾನೆ. ತೂಬು ಎತ್ತಿದೆಯಾ, ಹೂಳು ತುಂಬಿದೆಯಾ, ನಡುವೆ ಯಾರಾದರೂ ಅಡ್ಡ ಕಟ್ಟಿದ್ದಾರಾ ಅಂತ ನೋಡುತ್ತಾನೆ. ಇಂಟರ್ವ್ಯೂನವರು ನೋಡುವುದೂ ನೀವು ಹೇಗೆ ನಡೆಯುತ್ತೀರಿ ಅನ್ನುವುದನ್ನೇ. ‘ರ್‍ಯಾಮ್ ಜಾಸ್ತಿ ಮಾಡಿಸ್ತೀನಿ’ ಅನ್ನುವವನು ಕಟ್ಟೆ ಎತ್ತರಿಸಲು ಹೊರಟವನು.

ಹಾಗಾಗಿ ಮೊದಲು ನೀವೇ ಕೇಳಿ. ಎಲ್ಲವೂ ಸ್ಲೋನಾ, ಒಂದೇ ಪೇಜಾ? ಯಾವಾಗಿನಿಂದ? ಹಿಂದಿನ ದಿನ ಹೊಸ ರಿಲೀಸ್ ಏನಾದರೂ ಹೋಗಿತ್ತಾ, ದೊಡ್ಡ ಡೇಟಾ ಲೋಡ್ ಆಗಿತ್ತಾ? ದಿನವಿಡೀನಾ, ಬೆಳಿಗ್ಗೆ ಹತ್ತಕ್ಕೆ ಮಾತ್ರನಾ? ಈ ನಾಲ್ಕು ಕೇಳಿದರೆ ಸಾಕು, ಎದುರಿಗಿದ್ದವರು ಕುರ್ಚಿ ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಆಮೇಲೆ ಬರುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಡೇಟಾಬೇಸ್ ದುಡಿಯುತ್ತಿದೆಯಾ, ಸುಮ್ನೆ ಕಾಯುತ್ತಿದೆಯಾ? ಇದನ್ನು ನಾನು ಕಲಿತದ್ದು ಬೈಗುಳ ತಿಂದು.

ಹಿಂದಿನ ಕೆಲಸದಲ್ಲಿ ಒಂದು ಆಸ್ಪತ್ರೆಯ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೆವು. ಡೇಟಾಬೇಸ್ ಪೋಸ್ಟ್‌ಗ್ರೆಸ್. ಒಂದು ಮಧ್ಯಾಹ್ನ ನಾನು ‘ಬಿಗಿನ್’ ಕೊಟ್ಟು ಟ್ರಾನ್ಸಾಕ್ಷನ್ ಶುರು ಮಾಡಿ, ಬಿಲ್ ಟೇಬಲ್ ಮೇಲೆ ಒಂದು ಸೆಲೆಕ್ಟ್ (ಡೇಟಾ ಓದುವ ಕ್ವೆರಿ) ಓಡಿಸಿ, ಕಮಿಟ್ ಮಾಡಿ ಅದನ್ನು ಮುಗಿಸದೆ ಟೀ ಕುಡಿಯಲು ಹೋದೆ. ಬರೀ ಸೆಲೆಕ್ಟ್ ತಾನೇ ಅಂತ. ಅದೇ ಹೊತ್ತಿಗೆ ಸಹೋದ್ಯೋಗಿ ಅದೇ ಟೇಬಲ್‌ಗೆ ಹೊಸ ಕಾಲಂ ಸೇರಿಸಲು ‘ಆಲ್ಟರ್ ಟೇಬಲ್’ ಕೊಟ್ಟ. ಆಲ್ಟರ್‌ಗೆ ಟೇಬಲ್ ಪೂರ್ತಿ ತನ್ನದಾಗಬೇಕು. ನನ್ನ ಸೆಲೆಕ್ಟ್ ಟೇಬಲ್ ಮೇಲೆ ಹಿಡಿದ ಸಣ್ಣ ಬೀಗ, ಅಂದರೆ ಲಾಕ್, ಟ್ರಾನ್ಸಾಕ್ಷನ್ ಮುಗಿಯುವವರೆಗೂ ಬಿಡುವುದಿಲ್ಲ. ಹಾಗಾಗಿ ಆಲ್ಟರ್ ಕಾಯುತ್ತಾ ನಿಂತಿತು. ಅದರ ಹಿಂದೆ ಬಂದ ಒಂದೊಂದು ಸೆಲೆಕ್ಟೂ ಆಲ್ಟರ್‌ನ ಹಿಂದೆ ಸಾಲು ನಿಂತಿತು. ಕೌಂಟರ್‌ನಲ್ಲಿ ಬಿಲ್ ನಿಂತೇಹೋಯಿತು. ಫೋನ್ ಬಂದಾಗ ನಾನು ಓಡಿ ಬಂದು ನೋಡಿದರೆ ಸಿಪಿಯು ತಣ್ಣಗಿದೆ, ಡಿಸ್ಕ್ ತಣ್ಣಗಿದೆ. ‘ನೆಟ್‌ವರ್ಕ್ ಇರಬೇಕು’ ಅಂದೆ! ಸೀನಿಯರ್ ಒಬ್ಬರು, ಯಾವ ಸೆಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ತೆಗೆದರು. ಸಾಲುಸಾಲು ಸೆಷನ್‌ಗಳ ಮುಂದೆ ‘ಲಾಕ್’ ಅಂತ ಇತ್ತು. ಯಾರು ಯಾರನ್ನು ತಡೆದಿದ್ದಾರೆ ಅಂತ ಹೇಳುವ ಪಿಜಿ ಬ್ಲಾಕಿಂಗ್ ಪಿಐಡಿಸ್ ಹಾಕಿ ಹಿಂದಕ್ಕೆ ಹುಡುಕಿಕೊಂಡು ಹೋದರೆ ಬುಡದಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’, ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ನೆ ಕೂತ ಸೆಷನ್. ಯೂಸರ್ ಹೆಸರು ನನ್ನದೇ.

ಇಲ್ಲೊಂದು ಸೂಕ್ಷ್ಮ ಇದೆ, ಇಂಟರ್ವ್ಯೂನಲ್ಲಿ ಹೇಳಿದರೆ ತೂಕ ಬರುತ್ತದೆ. ಅಂಥ ಸೆಷನ್‌ಗೆ ಪಿಜಿ ಕ್ಯಾನ್ಸಲ್ ಬ್ಯಾಕೆಂಡ್ ಕೊಟ್ಟರೆ ಏನೂ ಆಗುವುದಿಲ್ಲ. ಕ್ಯಾನ್ಸಲ್ ಮಾಡಲು ಅಲ್ಲಿ ಓಡುತ್ತಿರುವ ಕ್ವೆರಿಯೇ ಇಲ್ಲವಲ್ಲ. ಸೆಷನ್ನನ್ನೇ ಕಡಿದುಹಾಕುವ ಪಿಜಿ ಟರ್ಮಿನೇಟ್ ಬ್ಯಾಕೆಂಡ್ ಬೇಕು. ಮತ್ತೆ ಹೀಗಾಗದಂತೆ ಏನು ಮಾಡುತ್ತೀರಿ ಅಂದರೆ, ಆಲ್ಟರ್ ಕೊಡುವ ಮುಂಚೆ ಲಾಕ್ ಟೈಮೌಟ್ (ಲಾಕ್‌ಗೆ ಇಷ್ಟೇ ಹೊತ್ತು ಕಾಯುವ ಮಿತಿ) ಇಡುವುದು, ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮೌಟ್ (ಹಾಗೆ ಸುಮ್ನೆ ಕೂತ ಸೆಷನ್ ಕಡಿಯುವ ಮಿತಿ) ಹಾಕುವುದು. ಎರಡನೆಯದು 2016ರ 9.6 ಆವೃತ್ತಿಯಿಂದ ಇದೆ, ಆದರೆ ನಾವು ಹಾಕದಿದ್ದರೆ ಅದು ಸೊನ್ನೆ, ಅಂದರೆ ಇಲ್ಲದಂತೆಯೇ.

ಇನ್ನು ಡೇಟಾಬೇಸ್ ನಿಜಕ್ಕೂ ದುಡಿಯುತ್ತಿದ್ದರೆ, ಯಾವ ಕ್ವೆರಿ ಸಮಯ ತಿನ್ನುತ್ತಿದೆ ಅಂತ ಹುಡುಕಬೇಕು. ಓಡಿದ ಕ್ವೆರಿಗಳ ಲೆಕ್ಕ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್‌ನಲ್ಲಿ ಸರಾಸರಿ ಸಮಯ ಬೇಡ, ಒಟ್ಟು ಸಮಯದ ಮೇಲೆ ಜೋಡಿಸಿ. ದಿನಕ್ಕೆ ಹತ್ತು ಸಲ ಓಡುವ 2 ಸೆಕೆಂಡಿನ ರಿಪೋರ್ಟ್ ತಿನ್ನುವುದು 20 ಸೆಕೆಂಡ್. 5 ಮಿಲಿಸೆಕೆಂಡಿನ ಸಣ್ಣ ಕ್ವೆರಿ 3 ಲಕ್ಷ ಸಲ ಓಡಿದರೆ 25 ನಿಮಿಷ. ಬೈಸಿಕೊಳ್ಳುವುದು ಮಾತ್ರ ಯಾವಾಗಲೂ ರಿಪೋರ್ಟೇ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್ ಬಳಸುವ ಕಂಪನಿಯಾದರೆ ಸ್ಲೋ ಕ್ವೆರಿ ಲಾಗ್ ಬಗ್ಗೆ ಕೇಳುತ್ತಾರೆ. ಅದು ತಾನಾಗೇ ಆನ್ ಇರುವುದಿಲ್ಲ. ಆನ್ ಮಾಡಿದರೂ ಮಿತಿ 10 ಸೆಕೆಂಡ್ ಅಂತ ಇರುತ್ತದೆ. 9 ಸೆಕೆಂಡ್ ತಿನ್ನುವ ಕ್ವೆರಿ ಅದರ ಕಣ್ಣಿಗೇ ಬೀಳುವುದಿಲ್ಲ. ಮಿತಿ ಇಳಿಸಬೇಕು.

ಕ್ವೆರಿ ಸಿಕ್ಕ ಮೇಲೆ, ಅದು ಯಾವ ಹೆಜ್ಜೆಗಳಲ್ಲಿ ಓಡುತ್ತದೆ ಅನ್ನುವ ಪ್ಲಾನ್ ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್. ಇದು ಕ್ವೆರಿಯನ್ನು ನಿಜವಾಗಿ ಓಡಿಸುತ್ತದೆ ಅನ್ನುವುದು ನೆನಪಿರಲಿ. ಡಿಲೀಟ್ ಮೇಲೆ ಕೊಟ್ಟರೆ ಡೇಟಾ ಹೋಯಿತು ಅಂತಲೇ. ಬಿಗಿನ್, ರೋಲ್‌ಬ್ಯಾಕ್ (ಮಾಡಿದ್ದನ್ನು ರದ್ದು ಮಾಡುವುದು) ನಡುವೆ ಕೊಡಬೇಕು. ಇದನ್ನು ನಾನು ತಪ್ಪದೆ ಕೇಳುತ್ತೇನೆ.

ಪ್ಲಾನ್ ಓದುವಾಗ ಸೀಕ್ವೆನ್ಷಿಯಲ್ ಸ್ಕ್ಯಾನ್ (ಟೇಬಲ್ ಪೂರ್ತಿ ಓದುವುದು) ಕಂಡ ಕೂಡಲೇ ಬೆಚ್ಚಬೇಡಿ. ಮುನ್ನೂರು ಸಾಲಿನ ಟೇಬಲ್‌ಗೆ ಅದೇ ಸರಿ. ಮೊದಲು ನೋಡಬೇಕಾದ್ದು ಅಂದಾಜು ಸಾಲುಗಳಿಗೂ ನಿಜವಾಗಿ ಬಂದ ಸಾಲುಗಳಿಗೂ ಎಷ್ಟು ಅಂತರ ಅಂತ. ಅಂದಾಜು 1, ಬಂದದ್ದು 84,000 ಅಂತಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಒಂದೇ ಸಾಲು ಅಂತ ನಂಬಿ ಡೇಟಾಬೇಸ್ ನೆಸ್ಟೆಡ್ ಲೂಪ್ (ಒಂದು ಕಡೆಯ ಪ್ರತಿ ಸಾಲಿಗೂ ಇನ್ನೊಂದು ಕಡೆ ಹುಡುಕುವ ದಾರಿ) ಆರಿಸಿಕೊಂಡಿರುತ್ತದೆ. ಆ ಲೂಪ್‌ನ ಒಳಗಿನ ಹೆಜ್ಜೆಗೆ 0.02 ಮಿಲಿಸೆಕೆಂಡ್ ಅಂತ ತೋರಿಸುತ್ತದೆ, ನೋಡಲು ಏನೂ ಅಲ್ಲ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಅದು ಒಂದು ಸುತ್ತಿನ ಸರಾಸರಿ. 84,000 ಸುತ್ತಿಗೆ ಗುಣಿಸಿ, ಸುಮಾರು 1.7 ಸೆಕೆಂಡ್.

ಅಂದಾಜು ಯಾಕೆ ತಪ್ಪುತ್ತದೆ? ಟೇಬಲ್ ಬಗ್ಗೆ ಡೇಟಾಬೇಸ್ ಇಟ್ಟುಕೊಂಡ ಅಂಕಿಅಂಶ ಹಳೆಯದಾಗಿರುತ್ತದೆ. ಪೋಸ್ಟ್‌ಗ್ರೆಸ್ ತಾನಾಗಿ ಅನಲೈಸ್ ಮಾಡುವುದು, ಅಂದರೆ ಆ ಅಂಕಿಅಂಶ ಹೊಸದು ಮಾಡಿಕೊಳ್ಳುವುದು, ಟೇಬಲ್‌ನ ಸುಮಾರು ಶೇಕಡಾ 10ರಷ್ಟು ಸಾಲು ಬದಲಾದ ಮೇಲೆ. ಟೇಬಲ್‌ನಲ್ಲಿ 2 ಕೋಟಿ ಸಾಲಿದ್ದರೆ 20 ಲಕ್ಷ ಬದಲಾಗುವವರೆಗೂ ಅದು ಅಲುಗಾಡುವುದಿಲ್ಲ. ಇವತ್ತಿನ ತಾರೀಖಿನ ಬಿಲ್‌ಗಳು ಇವೆ ಅನ್ನುವುದೇ ಅದಕ್ಕೆ ಗೊತ್ತಿರುವುದಿಲ್ಲ. ಒಂದು ಅನಲೈಸ್ ಕೊಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಇಂಡೆಕ್ಸ್ ಇದ್ದೂ ಬಳಸದಿರುವ ಕಾರಣ ಖಂಡಿತ ಕೇಳುತ್ತಾರೆ. ಮೂರು ಸಾಕು. ಒಂದು, ಕಾಲಂ ಮೇಲೆ ಫಂಕ್ಷನ್ ಹಾಕಿರುವುದು. ಎರಡು, ಮೈಎಸ್‌ಕ್ಯೂಎಲ್‌ನಲ್ಲಿ ಮೊಬೈಲ್ ನಂಬರನ್ನು ಅಕ್ಷರದ ಕಾಲಂನಲ್ಲಿಟ್ಟು, ಹುಡುಕುವಾಗ ಕೋಟ್ ಇಲ್ಲದೆ ಬರೀ ಅಂಕಿ ಕೊಡುವುದು. ಆಗ ಪ್ರತಿ ಸಾಲನ್ನೂ ಅಂಕಿಗೆ ತಿರುಗಿಸಿ ಹೋಲಿಸುತ್ತದೆ, ಇಂಡೆಕ್ಸ್ ಮೂಲೆಗುಂಪು. ಮೂರನೆಯದು ಕಾಲಂಗಳ ಕ್ರಮ. ಪಹಣಿ ತೆಗೆಸುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಹೇಳಿ ಆಮೇಲೆ ಸರ್ವೆ ನಂಬರ್ ಹೇಳುತ್ತೀರಿ ಅಲ್ವಾ? ಊರು ಹೇಳದೆ ‘ಸರ್ವೆ ನಂಬರ್ 112 ಕೊಡಿ’ ಅಂದರೆ ಗುಮಾಸ್ತ ಎಲ್ಲ ಊರಿನ ಕಡತ ಬಿಚ್ಚಬೇಕು. ಮೊದಲ ಕಾಲಂ ಬಿಟ್ಟು ಹುಡುಕಿದರೆ ಇಂಡೆಕ್ಸಿನ ಗತಿಯೂ ಹೆಚ್ಚುಕಡಿಮೆ ಅದೇ.

ಓದಿದ್ದು ಸಾಕು, ಈ ವಾರ ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್ ಹಾಕಿಕೊಳ್ಳಿ. ಜನರೇಟ್ ಸೀರೀಸ್‌ನಲ್ಲಿ 50 ಲಕ್ಷ ಸಾಲು ತುಂಬಿ. ಮೂರು ಟರ್ಮಿನಲ್ ತೆರೆದು ನನ್ನ ಟೀ ಕಥೆಯನ್ನು ನೀವೇ ಮಾಡಿ ನೋಡಿ. ಮೂರನೆಯದರಲ್ಲಿ ಸೆಲೆಕ್ಟ್ ಕೊಟ್ಟು ಕರ್ಸರ್ ಸುಮ್ನೆ ಮಿನುಗುತ್ತಾ ಕೂರುವುದನ್ನು ಕಣ್ಣಾರೆ ಕಂಡರೆ ಮತ್ತೆ ಬಾಯಿಪಾಠ ಬೇಕಾಗುವುದಿಲ್ಲ.

ಇಂಗ್ಲಿಷ್ ಬಗ್ಗೆಯೂ ಹೆದರಿಕೆ ಅಂದಿದ್ದೀರಿ. ಮೈಸೂರಿನಲ್ಲಿ ಅರ್ಧ ಇಂಟರ್ವ್ಯೂ ಹೇಗೂ ಕನ್ನಡಕ್ಕೆ ಜಾರುತ್ತದೆ. ತಡವರಿಸಿದರೂ ಕ್ರಮ ತಪ್ಪದಿದ್ದರೆ ಆಯಿತು.

ಈಗಿರುವ ಕೆಲಸದ ಇಂಟರ್ವ್ಯೂನಲ್ಲಿ ನಾನು ಈ ಆಲ್ಟರ್ ಕಥೆ ಹೇಳಿದೆ. ‘ಟ್ರಾನ್ಸಾಕ್ಷನ್ ಬಿಟ್ಟು ಎದ್ದು ಹೋದ ಆ ಪುಣ್ಯಾತ್ಮ ಯಾರು?’ ಅಂದರು ಮೇಡಂ. ‘ನಾನೇ ಮೇಡಂ’ ಅಂದೆ. ನಕ್ಕರು. ಮುಂದಿನ ಪ್ರಶ್ನೆ ವ್ಯಾಕ್ಯೂಮ್ (ಪೋಸ್ಟ್‌ಗ್ರೆಸ್‌ನಲ್ಲಿ ಸತ್ತ ಸಾಲುಗಳ ಕಸ ಗುಡಿಸುವುದು) ಬಗ್ಗೆ ಇತ್ತು, ಅದು ನನಗೆ ಬರಲಿಲ್ಲ.