‘ಒಳ್ಳೆ ಫೋಟೋ ತೆಗೆಯೋಕೆ ಹೇಳಿ ಮೇಡಂ’

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮನೆಯವರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಹೆಚ್ಚಾಗಿ ಕೇಳುವುದು ಒಂದೇ ಮಾತು: “ಮನಸ್ಸು ಬೇರೆ ಕಡೆ ಹೋಗೋ ಹಾಗೆ ಏನಾದರೂ ಹವ್ಯಾಸ ಹಚ್ಚಿಸಿ.” ಕೆಲವರು ಚಿತ್ರಕಲೆ ಅನ್ನುತ್ತಾರೆ, ಕೆಲವರು ಹೆಣಿಗೆ, ಈಚೆಗೆ ಬಹಳಷ್ಟು ಜನ ಫೋಟೋಗ್ರಫಿ. ಕೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹವ್ಯಾಸವನ್ನು ರೋಗಿಯ ಕಣ್ಣಿಗೆ ಕಟ್ಟುವ ಬಟ್ಟೆಯಾಗಿ ಬಳಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ನೋಡುತ್ತಲೇ ಇದ್ದೇನೆ. ಈ ಪ್ರಕರಣ ಬರೆಯಲು ಅದೇ ಕಾರಣ. ದಂಪತಿ ಇಬ್ಬರ ಒಪ್ಪಿಗೆ ಪಡೆದಿದ್ದೇನೆ, ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ.

ಪತಿಗೆ ಐವತ್ತು ದಾಟಿತ್ತು. ದೊಡ್ಡ ಕರುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿದು ಎರಡು ವಾರಕ್ಕೊಮ್ಮೆ ಕಿಮೋ ನಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಆಕ್ಸಾಲಿಪ್ಲಾಟಿನ್ ಎಂಬ ಔಷಧ ಕೊಟ್ಟು, ಮುಂದಿನ 46 ಗಂಟೆಗೆ ಇನ್ನೊಂದು ಔಷಧವನ್ನು ಸಣ್ಣ ಪಂಪಿನಲ್ಲಿ ತುಂಬಿ ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಿದ್ದರು. ಮಗ ಕ್ಯಾಮೆರಾ ತಂದುಕೊಟ್ಟಿದ್ದ. ಮನೆಯವರೆಲ್ಲ ಹೂವು, ಹಕ್ಕಿ, ಸೂರ್ಯೋದಯ ಅಂದುಕೊಂಡಿದ್ದರೆ, ಇವರು ಡ್ರಿಪ್ ಬಾಟಲಿ, ಸೂಜಿ ಚುಚ್ಚಿದ ಗುರುತು, ಖಾಲಿ ಮಾತ್ರೆ ಪಟ್ಟಿ ಇವನ್ನೇ ತೆಗೆಯತೊಡಗಿದರು. ಅವರ ಪತ್ನಿ ಮೊದಲ ಭೇಟಿಯಲ್ಲೇ ಕೇಳಿದ್ದು: “ಒಳ್ಳೆ ಫೋಟೋ ತೆಗೆಯೋಕೆ ಹೇಳಿ ಮೇಡಂ. ಮನಸ್ಸು ಅಲ್ಲೇ ಸುತ್ತುತಾ ಇದ್ರೆ ವಾಸಿಯಾಗೋದು ಹೇಗೆ?”

ಮುಂದಿನ ಭೇಟಿಗೆ ಕ್ಯಾಮೆರಾ ತನ್ನಿ ಎಂದೆ. ಒಂದೇ ಷರತ್ತು: ಚೆನ್ನಾಗಿರುವುದನ್ನು ಆರಿಸಿ ತೋರಿಸುವಂತಿಲ್ಲ, ತೆಗೆದ ಕ್ರಮದಲ್ಲೇ ಎಲ್ಲವನ್ನೂ ತೋರಿಸಬೇಕು.

ಕ್ಯಾಮೆರಾದ ಹಿಂಬದಿಯ ಪರದೆ ಸಣ್ಣದು. ಮೂವರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ತಲೆ ಬಗ್ಗಿಸಿ ಕುಳಿತೆವು. ಡ್ರಿಪ್ ಕೊಳವೆಯ ತುದಿಯಲ್ಲಿ ಬೀಳಲು ಕಾದಿದ್ದ ಹನಿ. ಎದೆಯ ಪೋರ್ಟಿನ (ಔಷಧ ಹಾಯಿಸಲು ಚರ್ಮದಡಿ ಕೂರಿಸುವ ಸಣ್ಣ ಸಾಧನ) ಮೇಲಿನ ಟೇಪು ಕಿತ್ತಾಗ ಚರ್ಮದ ಮೇಲುಳಿದ ಕೆಂಪು ಚೌಕ. ಸೊಂಟದ ಪಂಪು, ಅದರ ಪಕ್ಕ ಮಗ್ಗುಲು ಹೊರಳಲಾಗದೆ ಸುಕ್ಕಾದ ಹಾಸಿಗೆ. ನನಗೆ ಆಶ್ಚರ್ಯವಾಗಿದ್ದು ಅವರ ಶ್ರದ್ಧೆ ನೋಡಿ. ಕಿಟಕಿಯ ಬೆಳಕು ಹನಿಯ ಮೇಲೆ ಬೀಳುವವರೆಗೆ ಕಾದು ತೆಗೆದಿದ್ದರು. ದುಃಖದಲ್ಲಿ ಮುಳುಗಿ ಕೈಗೆ ಸಿಕ್ಕಿದ್ದನ್ನು ಕ್ಲಿಕ್ಕಿಸಿದವರ ಫೋಟೋಗಳಾಗಿರಲಿಲ್ಲ ಅವು.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಲಕೋಟೆ ಬಂತು. ಆಸ್ಪತ್ರೆಯವರು ಸ್ಕ್ಯಾನ್ ಫಿಲಂ ಹಾಕಿಕೊಡುವ ದೊಡ್ಡ ಲಕೋಟೆ, ಒಂದು ಮೂಲೆ ಮಡಚಿಕೊಂಡಿತ್ತು. ಬೀರುವಿನ ಮೇಲೆ ಇತ್ತು. ಒಂದಷ್ಟು ಫೋಟೋ ಆದ ಮೇಲೆ ಅದೇ ಲಕೋಟೆ ಹಾಸಿಗೆಯ ಕೆಳಗಿನಿಂದ ಇಣುಕುತ್ತಿತ್ತು. ಆಮೇಲೆ ಸೂಟ್‌ಕೇಸಿಗೂ ಗೋಡೆಗೂ ನಡುವೆ. ಆಮೇಲೆ ಮತ್ತೆ ಬೀರುವಿನ ಮೇಲೆ, ಈ ಸಲ ಮಡಚಿದ ಕಂಬಳಿಯ ಕೆಳಗೆ. ಎಲ್ಲದರಲ್ಲೂ ಅದೇ ಮಡಚಿದ ಮೂಲೆ.

ಪತ್ನಿಯ ಕೈ ಮೇಜಿನ ಮೇಲಿನಿಂದ ಮಡಿಲಿಗೆ ಹೋಯಿತು.

“ಇದನ್ನ ಯಾಕೆ ಇಷ್ಟು ಸಲ ತೆಗೆದಿದ್ದೀರಿ ಸರ್?” ಎಂದೆ.

ಅವರು ಕ್ಯಾಮೆರಾ ಆಫ್ ಮಾಡಲಿಲ್ಲ, ಪರದೆಯನ್ನೇ ನೋಡುತ್ತಾ ಹೇಳಿದರು: “ನನ್ನ ಒಳಗಿನ ಫೋಟೋಗಳನ್ನೆಲ್ಲ ನನಗಿಂತ ಮುಂಚೆ ಬೇರೆಯವರು ನೋಡ್ತಾರೆ ಮೇಡಂ. ನೋಡಿ, ಬಾಗಿಲ ಆಚೆ ನಿಂತು ಮಾತಾಡ್ಕೊಂಡು, ಆಮೇಲೆ ನಗುಮುಖ ಮಾಡ್ಕೊಂಡು ಒಳಗೆ ಬರ್ತಾರೆ. ಹೊರಗಿನದ್ದನ್ನಾದ್ರೂ ನಾನೇ ಮೊದಲು ನೋಡೋಣ ಅಂತ.”

“ಲಕೋಟೆ ಎಲ್ಲಿದೆ ಅಂತ ಗೊತ್ತಿತ್ತಲ್ಲ. ತೆಗೆದು ನೋಡಬೇಕು ಅನಿಸಲಿಲ್ವಾ?”

“ಅನಿಸ್ತು. ಆದ್ರೆ ಕದ್ದು ನೋಡಿದ ಮೇಲೆ ಇವಳು ಏನೂ ಆಗಿಲ್ಲ ಅನ್ನೋ ಹಾಗೆ ನಡ್ಕೊಳ್ಳೋದನ್ನ ನಾನು ದಿನಾ ನೋಡ್ತಾ ಕೂರಬೇಕಲ್ಲ. ಅದು ಬೇಡ ಅನಿಸ್ತು.”

ಪತ್ನಿ ಅತ್ತರು. “ಡಾಕ್ಟರು ನನ್ನನ್ನ ಹೊರಗೆ ಕರೆದು...” ಎಂದು ಶುರುಮಾಡಿದರು. ನಾನು ಅವರನ್ನು ಅಲ್ಲಿಗೇ ತಡೆದೆ. ಆ ತಡೆಯ ಬಗ್ಗೆ ಆಮೇಲೆ ಸಹೋದ್ಯೋಗಿಯೊಬ್ಬರು, “ಅಷ್ಟು ಹೊತ್ತು ಕಟ್ಟಿಕೊಂಡಿದ್ದನ್ನು ಹೇಳಲು ಬಿಡಬೇಕಿತ್ತು” ಎಂದರು. ನಾನು ಒಪ್ಪುವುದಿಲ್ಲ. ಅಪರಾಧಿಭಾವದ ಭರದಲ್ಲಿ ಹೊರಬೀಳುವ ಸುದ್ದಿ ಅರ್ಧ ಇರುತ್ತದೆ, ತಪ್ಪೂ ಇರಬಹುದು. ಕೇಳುವವನಿಗೆ ಎಷ್ಟು ಬೇಕು ಎಂದು ಯಾರೂ ಅವನನ್ನು ಕೇಳಿಯೂ ಇರುವುದಿಲ್ಲ. ಕೆಟ್ಟ ಸುದ್ದಿ ತಿಳಿಸುವ ಬಗ್ಗೆ ಕ್ಯಾನ್ಸರ್ ತಜ್ಞರಿಗಾಗಿ 2000ದಲ್ಲಿ ಪ್ರಕಟವಾದ ಆರು ಹಂತಗಳ ವಿಧಾನವೊಂದಿದೆ, ಅನೇಕ ಕಡೆ ವೈದ್ಯರಿಗೆ ಕಲಿಸುತ್ತಾರೆ. ಸುದ್ದಿ ಹೇಳುವ ಹಂತ ಅದರಲ್ಲಿ ನಾಲ್ಕನೆಯದು. ಅದಕ್ಕಿಂತ ಮೊದಲು, ನಿಮಗೆ ಈಗಾಗಲೇ ಏನು ಗೊತ್ತಿದೆ, ಇನ್ನೆಷ್ಟು ತಿಳಿಯಬೇಕು ಎಂದು ರೋಗಿಯನ್ನೇ ಕೇಳಬೇಕು. ನಾನು ಕೇಳಿದ್ದೂ ಅಷ್ಟೇ.

“ಎಲ್ಲ ತಿಳಿಬೇಕು” ಎಂದರು. “ಆದ್ರೆ ಇವಳ ಬಾಯಿಂದ ಬೇಡ. ನನ್ನನ್ನ ಸಮಾಧಾನ ಮಾಡೋ ಗಡಿಬಿಡಿಲಿ ಅರ್ಧ ನುಂಗಿಬಿಡ್ತಾಳೆ. ಡಾಕ್ಟರು ಹೇಳಲಿ, ಇವಳು ಪಕ್ಕದಲ್ಲಿರಲಿ.”

ಆ ವಾರವೇ ಇಬ್ಬರೂ ಒಟ್ಟಿಗೆ ಹೋಗಿ ವೈದ್ಯರನ್ನು ಕಂಡರು. ಕಿಮೋ ಕೊಡುತ್ತಿರುವುದು ರೋಗ ಮರುಕಳಿಸದಿರಲಿ ಎಂದು, ಅಷ್ಟೇ, ಎಂದು ಅಲ್ಲಿಯವರೆಗೆ ಪತಿಗೆ ಹೇಳಲಾಗಿತ್ತು. ನಿಜವಾಗಿ ಲಿವರಿನಲ್ಲಿ ಗಂಟುಗಳಿದ್ದವು. ಔಷಧಕ್ಕೆ ಅವು ಸ್ವಲ್ಪ ಕುಗ್ಗಿದ್ದವು, ಹೋಗಿರಲಿಲ್ಲ. ಇದು ಸಣ್ಣ ಸುದ್ದಿಯಲ್ಲ. ಕೇಳಿದ ಮೇಲೆ ಕೆಲವು ದಿನ ಅವರು ಯಾರೊಂದಿಗೂ ಮಾತಾಡಲಿಲ್ಲ, ಕ್ಯಾಮೆರಾವನ್ನೂ ಮುಟ್ಟಲಿಲ್ಲ. ಸಂಬಂಧಿಕರೊಬ್ಬರು ನನಗೆ ಫೋನ್ ಮಾಡಿ, “ನೆಮ್ಮದಿಯಾಗಿದ್ದವರ ನೆಮ್ಮದಿ ಕೆಡಿಸಿದಿರಿ” ಎಂದು ಬೈದರು. ಲಕೋಟೆಯ ಹಿಂದೆ ಕ್ಯಾಮೆರಾ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದವರಲ್ಲಿ ಯಾವ ನೆಮ್ಮದಿ ಇತ್ತು? ಹೇಳದೆ ಬಚ್ಚಿಟ್ಟಾಗ ರೋಗಿ ಕಳೆದುಕೊಳ್ಳುವುದು ಸುದ್ದಿಯನ್ನಷ್ಟೇ ಅಲ್ಲ, ಹೆಂಡತಿ ಮಕ್ಕಳ ಜೊತೆ ಸಹಜವಾಗಿ ಮಾತಾಡುವ ದಾರಿಯನ್ನೂ. ತಿಳಿಯುವುದು ಬೇಡ ಎನ್ನುವ ರೋಗಿಗಳೂ ಇದ್ದಾರೆ, ಅದು ಅವರ ಹಕ್ಕು. ಅಂಥವರ ಬಳಿ ನಾನು ಯಾವ ಲಕೋಟೆಯ ಮಾತನ್ನೂ ಎತ್ತುವುದಿಲ್ಲ. ಆದರೆ ಬೇಡ ಎನ್ನಬೇಕಾದವರು ಅವರೇ ಹೊರತು ಬೇರೆ ಯಾರೂ ಅವರ ಪರವಾಗಿ ಹೇಳುವಂತಿಲ್ಲ.

‘ಮನಸ್ಸು ಅಲ್ಲೇ ಇದ್ದರೆ ವಾಸಿಯಾಗೋದು ಹೇಗೆ’ ಎಂಬ ಪ್ರಶ್ನೆಗೂ ನೇರವಾಗಿ ಉತ್ತರಿಸಬೇಕು, ಏಕೆಂದರೆ ಈ ಮಾತಿನ ಭಾರ ಹೊತ್ತು ಕುಗ್ಗಿಹೋದ ರೋಗಿಗಳನ್ನು ಕಂಡಿದ್ದೇನೆ. ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಜನರನ್ನು ಗಮನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಮನಃಸ್ಥಿತಿ ಚೆನ್ನಾಗಿತ್ತೋ ಇಲ್ಲವೋ ಎಂಬುದಕ್ಕೂ ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಅದರಲ್ಲಿ ಸಂಬಂಧ ಕಾಣಲಿಲ್ಲ. ಮನಸ್ಸಿಗೆ ಬೆಲೆಯಿಲ್ಲ ಎಂದು ಇದನ್ನು ಓದಬೇಡಿ. ದಿನ ಹೇಗೆ ಕಳೆಯುತ್ತದೆ, ನಿದ್ದೆ ಬರುತ್ತದೋ ಇಲ್ಲವೋ, ಚಿಕಿತ್ಸೆ ಮುಂದುವರಿಸುವ ಶಕ್ತಿ ಇರುತ್ತದೋ ಇಲ್ಲವೋ, ಇವೆಲ್ಲ ಮನಸ್ಸಿನ ಮೇಲೂ ನಿಂತಿವೆ. ಆದರೆ ಬೇಸರಪಟ್ಟಿದ್ದಕ್ಕೆ ಗಂಟು ಬೆಳೆಯಿತು ಎಂದು ಯಾವ ರೋಗಿಯೂ ತನ್ನನ್ನು ತಾನೇ ದೂರಿಕೊಳ್ಳಬೇಕಾಗಿಲ್ಲ. ಸೂಜಿ ಗುರುತಿನ ಫೋಟೋ ತೆಗೆದರೆ ರೋಗ ಹೆಚ್ಚುವುದಿಲ್ಲ.

ತನ್ನ ರೋಗದ ಕಡೆಗೇ ಕ್ಯಾಮೆರಾ ತಿರುಗಿಸಿದವರಲ್ಲಿ ಇವರು ಮೊದಲಿಗರೂ ಅಲ್ಲ. ಬ್ರಿಟನ್ನಿನ ಛಾಯಾಗ್ರಾಹಕಿ ಜೋ ಸ್ಪೆನ್ಸ್ ಅವರಿಗೆ 1982ರಲ್ಲಿ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಈ ಸ್ತನ ಜೋ ಸ್ಪೆನ್ಸ್‌ಳ ಸ್ವತ್ತೇ ಎಂಬರ್ಥದ ಪ್ರಶ್ನೆಯನ್ನು ಅದರ ಮೇಲೇ ಬರೆದುಕೊಂಡು ಅವರು ತೆಗೆಸಿದ ಫೋಟೋ ಇಂದಿಗೂ ಹೆಸರಾಗಿದೆ. ಇದನ್ನು ಪತ್ನಿಗೆ ಹೇಳಿದಾಗ ಬಹಳ ಹೊತ್ತು ಯೋಚಿಸಿ, “ಹಾಗಾದ್ರೆ ಇವರಿಗೆ ತಲೆ ಕೆಟ್ಟಿಲ್ಲ” ಎಂದರು. ಕೆಟ್ಟಿರಬಹುದೆಂಬ ಭಯ ಅವರಲ್ಲಿ ಅಷ್ಟು ದಿನದಿಂದ ಇತ್ತೆಂಬುದು ನನಗೆ ತಿಳಿದಿದ್ದೇ ಆಗ.

ಇನ್ನು ನಾನು ಕೊಟ್ಟ ಸಲಹೆಗಳು. ಏನನ್ನು ತೆಗೆಯಬೇಕು ಎಂಬ ಬಗ್ಗೆ ಒಂದೂ ಇಲ್ಲ. ಹೂವೇ ಬೇಕೆನಿಸಿದ ದಿನ ಹೂವು, ಡ್ರಿಪ್ ಬೇಕೆನಿಸಿದರೆ ಡ್ರಿಪ್, ಯಾವುದೂ ಬೇಡವಾದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಕಿಮೋದ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ‘ಇವತ್ತು ಯಾಕೆ ತೆಗೆದಿಲ್ಲ’ ಎಂದು ಮನೆಯವರು ಕೇಳತೊಡಗಿದರೆ ಮಾತ್ರೆಗಳ ಪಟ್ಟಿಗೆ ಇನ್ನೊಂದು ಸೇರಿದಂತೆಯೇ. ವಾರ್ಡಿನಲ್ಲಿ ಬೇರೆ ರೋಗಿಯ ಮುಖವಾಗಲಿ, ಕೈಯಾಗಲಿ, ಹಾಸಿಗೆಯ ಹೆಸರಿನ ಚೀಟಿಯಾಗಲಿ ಅವರನ್ನು ಕೇಳದೆ ಫ್ರೇಮಿನೊಳಗೆ ಬರಬಾರದು. ಆಸ್ಪತ್ರೆಯ ಅನುಮತಿಯೂ ಬೇಕು. ನೋಡಿಸಿಕೊಳ್ಳುವ ಸಂಕಟ ಏನೆಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದೇಹದ ವಿಷಯ ಬಂದಾಗ ಎಚ್ಚರ ಬೇಕು. ಕ್ಯಾಮೆರಾದ ಪಟ್ಟಿ ಪೋರ್ಟ್ ಇರುವ ಕಡೆ ಉಜ್ಜಬಾರದು, ಪಂಪಿನ ಕೊಳವೆಗೆ ಸಿಕ್ಕಬಾರದು. ಅವರು ಪಟ್ಟಿ ತೆಗೆದು ಮಣಿಕಟ್ಟಿಗೆ ಹಾಕುವ ಕುಣಿಕೆ ಬಳಸತೊಡಗಿದರು. ಆ ಪಂಪಿನ ಔಷಧದಿಂದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ಆದ್ದರಿಂದ ಹೊರಗೆ ತಿರುಗುವಾಗ ತೋಳು, ತಲೆ ಮುಚ್ಚಿರಬೇಕು. ಕಿಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ಇಳಿದಿರುತ್ತವೆ. ಆಗ ಜನಸಂದಣಿ, ಕೆದಕಿದ ಮಣ್ಣು, ಹಕ್ಕಿಗಳ ಹಿಕ್ಕೆ ಬಿದ್ದಿರುವ ಜಾಗ ಇವುಗಳಿಂದ ದೂರ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹಗಲೋ ರಾತ್ರಿಯೋ ನೋಡದೆ ಆಸ್ಪತ್ರೆಗೆ ಫೋನ್ ಮಾಡಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಬೆರಳಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಆಕ್ಸಾಲಿಪ್ಲಾಟಿನ್ ಕೊಟ್ಟ ಮೇಲೆ ಕೆಲವು ದಿನ ತಣ್ಣನೆಯ ಲೋಹ ಮುಟ್ಟಿದರೆ ಕರೆಂಟ್ ಹೊಡೆದಂತೆ ಬೆರಳು ಜುಮ್ಮೆನ್ನುತ್ತದೆ. ಮುಂಜಾನೆ ಟ್ರೈಪಾಡ್ ಹಿಡಿದಾಗ ಅವರಿಗೆ ಹಾಗಾಗಿತ್ತು. ಅದರ ಕಾಲುಗಳಿಗೆ ಬಟ್ಟೆ ಸುತ್ತಿ, ಕೈಗವಸು ಹಾಕಿ ಸುಧಾರಿಸಿಕೊಂಡಿದ್ದರು. ಆದರೆ ಒಂದು ದಿನ ಮಾತಿನ ನಡುವೆ, “ಈಗೀಗ ಫೋಕಸ್ ಮಾಡೋಕೆ ಶಟರ್ ಗುಂಡಿ ಅರ್ಧ ಒತ್ತಿದ್ದು ಗೊತ್ತಾಗ್ತಾ ಇಲ್ಲ ಮೇಡಂ, ಒಂದೇ ಸಲ ಕ್ಲಿಕ್ ಆಗಿಬಿಡುತ್ತೆ. ಕ್ಯಾಮೆರಾ ರಿಪೇರಿಗೆ ಬಂದಿರಬೇಕು” ಎಂದರು. ಚಳಿಯಿರಲಿಲ್ಲ, ಕಿಮೋ ಆಗಿ ದಿನಗಳಾಗಿದ್ದವು. ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತಿದೆಯೇ ಎಂದು ಕೇಳಿದೆ. ಆಗುತ್ತಿದೆ ಎಂದರು. ನಾನು ವೈದ್ಯೆಯಲ್ಲ, ಔಷಧದ ತೀರ್ಮಾನ ನನ್ನದಲ್ಲ. ಆದರೆ ಈ ಮಾತನ್ನು ಇದ್ದಂತೆಯೇ ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ ಎಂದು ಒತ್ತಾಯ ಮಾಡಿದೆ. ಆಕ್ಸಾಲಿಪ್ಲಾಟಿನ್‌ನಿಂದ ನರಗಳಿಗೆ ಆಗುವ ಈ ಪೆಟ್ಟು ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಹೆಚ್ಚುತ್ತಲೇ ಹೋಗಬಹುದು, ಅದಕ್ಕೇ ಬೇಗ ಹೇಳುವುದು ಮುಖ್ಯ. ‘ಬೆರಳು ಮರಗಟ್ಟಿದೆಯಾ’ ಎಂದು ಆಸ್ಪತ್ರೆಯಲ್ಲಿ ಪ್ರತಿ ಸಲ ಕೇಳುತ್ತಿದ್ದರಂತೆ, ಇವರು ಪ್ರತಿ ಸಲ ‘ಸ್ವಲ್ಪ’ ಎಂದಿದ್ದರಂತೆ. ಶಟರಿನ ಮಾತು ಕೇಳಿದ ಮೇಲೆ ವೈದ್ಯರು ಕೈಕಾಲು ಪರೀಕ್ಷಿಸಿ, ಮುಂದಿನ ಸುತ್ತಿನಿಂದ ಆ ಔಷಧ ಕೈಬಿಟ್ಟು ಉಳಿದದ್ದನ್ನು ಮುಂದುವರಿಸಿದರು.

ಕ್ಯಾಮೆರಾ ಹಿಡಿದ ಎಲ್ಲರಿಗೂ ಇದೇ ಸಲಹೆ ಕೊಡುತ್ತೇನೆಂದು ತಿಳಿಯಬೇಡಿ. ದಿನಕ್ಕೆ ಹತ್ತಾರು ಸಲ ಒಂದೇ ಗಾಯವನ್ನು, ಒಂದೇ ಊತವನ್ನು ತೆಗೆದು ಹಿಗ್ಗಿಸಿ ನೋಡಿ ನಿನ್ನೆಯದರ ಜೊತೆ ಹೋಲಿಸುತ್ತಾ ಕೂರುವವರಿದ್ದಾರೆ. ತೆಗೆದಷ್ಟೂ ಅವರ ದಿಗಿಲು ಹೆಚ್ಚುತ್ತದೆ. ಅದು ಹವ್ಯಾಸದ ಗೆರೆ ದಾಟಿದ ಆತಂಕ, ಅಂಥವರನ್ನು ಮನೋವೈದ್ಯರ ಬಳಿ ಕಳಿಸುತ್ತೇನೆ. ಇವರಲ್ಲಿ ಹಾಗಿರಲಿಲ್ಲ. ತೆಗೆದಾದ ಮೇಲೆ ಕ್ಯಾಮೆರಾ ಎತ್ತಿಟ್ಟು ಬೇರೆ ಕೆಲಸಕ್ಕೆ ಏಳುತ್ತಿದ್ದರು.

ಚಿಕಿತ್ಸೆ ನಡೆಯುತ್ತಿದೆ. ಈಗ ಹೆಬ್ಬೆರಳಿನಿಂದ ಶಟರ್ ಒತ್ತುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಸ್ಕ್ಯಾನಿನ ಲಕೋಟೆ ಬಂದ ದಿನ ಇಬ್ಬರೂ ಒಟ್ಟಿಗೆ ಕುಳಿತು ತೆರೆಯುತ್ತಾರೆ. ತೆರೆಯುವ ಮುಂಚೆ ಜಗಳವೂ ಆಗುತ್ತದಂತೆ, ನಾಳೆ ನೋಡೋಣ ಎಂದು ಪತ್ನಿ, ಈಗಲೇ ಎಂದು ಇವರು. ಕಳೆದ ಬಾರಿ ಬಂದಾಗ ಮಾತು ಮುಗಿಸಿ ಎದ್ದು ಹೊರಟ ಮೇಲೆ ಪತ್ನಿ ಬಾಗಿಲಿನಿಂದ ವಾಪಸ್ ಬಂದರು. ತಮಗೆ ಎಷ್ಟೋ ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಇದನ್ನು ಯಾರ ಹತ್ತಿರ ಹೇಳಬೇಕೋ ಗೊತ್ತಿಲ್ಲ ಎಂದರು. ಅವರೊಬ್ಬರೇ ಬರುವಂತೆ ಬೇರೆ ಸಮಯ ಗೊತ್ತುಮಾಡಿದೆ.